ಜೋಡಿಗೆ ನಲವತ್ತು

ಕತ್ತರಿಗೆ ಇಪ್ಪತ್ತು, ಮಚ್ಚಿಗೆ ಮೂವತ್ತು,
ರಾಬರ್ಟ್‌ಸನ್‌ಪೇಟೆ ಮಾರುಕಟ್ಟೆಗೆಲ್ಲ ಗೊತ್ತು.
ಬೂಟಿಗೆ ಎಷ್ಟೆಂದು ಯಾರೂ ಕೇಳಿರಲಿಲ್ಲ,
ಸಗಾಯಮೇರಿ ಬಂದು ಟವೆಲ್ಲು ಬಿಚ್ಚುವ ತನಕ.

ಅಂಗಾಲಿಗೆ ಅಲಗು ಕಟ್ಟಿಕೊಂಡು ಆಡುವ ಆಟವಂತೆ.
ಗಾಲಿ ಬೂಟಿನಲ್ಲಿ ಆಡಿದ್ದು ನೋಡಿದ್ದೆ,
ಗಣಿ ಮುಚ್ಚಿದ ಮೇಲೆ ಪಾಳುಬಿದ್ದ ಕ್ಲಬ್ಬಿನ ಸಿಮೆಂಟು ನೆಲದಲ್ಲಿ,
ಹುಡುಗರ ನಡುವೆ ಚೆಂಡು ಕಸಿದು
ಓತಿಕ್ಯಾತದ ಹಾಗೆ ನುಸುಳುವುದು.
ಈಗ ಐಸ್ ಮೇಲೆ ಚಾಚಾ, ಅಂದಳು. ಫಾರ್ವರ್ಡ್.
ಪಂದ್ಯಕ್ಕೆ ಇಷ್ಟು ಅಂತ ದುಡ್ಡೂ ಉಂಟಂತೆ.
ಹತ್ತೊಂಬತ್ತು ವಯಸ್ಸು, ಬೆನ್ನಿಗೆ ಎಪ್ಪತ್ತೊಂದು ನಂಬರು.

ನಾನು ಕಂಡ ಐಸು ಮೀನಂಗಡಿಯದು.
ಅಲಗು ಅಂದರೆ ಅಲಗು ಅಂತ
ಕುರಿ ಕೊಯ್ಯುವಷ್ಟು ಚೂಪು ಮಾಡಿ ಕಳಿಸಿದೆ.

ಅಲ್ಲಿ, ಲಡಾಖಿನಲ್ಲಿ, ಮೊದಲ ಪಂದ್ಯದ
ಮೊದಲ ತಿರುವಿನಲ್ಲೇ ಬಿದ್ದಳು.
ಆಡಿದ್ದು ನಾಲ್ಕು ನಿಮಿಷ, ಉಳಿದದ್ದು ಬೆಂಚು.
ಎರಡನೆಯದು ಪೂರ್ತಿ ಬೆಂಚು.
ಮೂರರಲ್ಲಿ ಯಾರದೋ ಬೂಟು ಕಡ ತಂದು
ಬೇರೆಯವಳ ಗೋಲಿಗೆ ಪಾಸು ಕೊಟ್ಟಳು.
ಹಲಗೆಯ ಮೇಲೆ ಹೆಸರು ಬಂತು: ಸಹಾಯಮೇರಿ.
ಗ ಹೋಗಿ ಹ ಆಗಿತ್ತು.
ತಪ್ಪೇನಿಲ್ಲ, ಕೊಟ್ಟದ್ದು ಅದನ್ನೇ ತಾನೆ.

ಇದೆಲ್ಲ ಅವಳ ತಮ್ಮ ಹೇಳಿದ್ದು.
ಅವಳು ತಿರುಗಿ ಬಂದು ನನ್ನನ್ನು ಬೈಯಲಿಲ್ಲ.
ಬಸ್ ಟಿಕೆಟ್ಟಿನ ಹಿಂದೆ ಗೀಚಿ ತೋರಿಸಿದಳು,
ಒಂದು ಅಲಗಿಗೆ ಎರಡು ಅಂಚು,
ನಡುವೆ ಉದ್ದಕ್ಕೂ ಒಂದು ತೋಡು.
ನಗು ಬಂತು. ಈ ಊರಿಗೆ
ತೋಡುವುದನ್ನು ಯಾರು ಕಲಿಸಬೇಕು?
ಇವಳಜ್ಜ ಬಂಡೆ ಬೆವರುವ ಆಳಕ್ಕೆ ಇಳಿದು
ಬನಿಯನ್ನು ಹಿಂಡಿಕೊಂಡು ಮೇಲೆ ಬರುತ್ತಿದ್ದವನು.

ಮೂರು ದಿನ ಕಲ್ಲಿನ ಅಂಚನ್ನೇ ದುಂಡಗೆ ತಿದ್ದಿದೆ.
ಹಳೆ ಎಂಟಾಣೆ ಅಲಗಿನ ಮೇಲೆ ಅಡ್ಡ ಇಟ್ಟು
ಎರಡೂ ಕಡೆ ಸಮ ಕೂತಿತೇ ಎಂದು ಒಂದು ಕಣ್ಣು ಮುಚ್ಚಿ ನೋಡಿದೆ.
ಆಮೇಲೆ ಮೀನಂಗಡಿ ಅಂತೋಣಿಯ ಪೆಟ್ಟಿಗೆಯಿಂದ
ಒಂದು ಗಡ್ಡೆ ಎತ್ತಿ ತಂದು ಎಳೆದೆ.
ಒಂದಲ್ಲ, ಎರಡು ಗೀರು. ಕೂದಲೆಳೆಯಷ್ಟು.
ಬಾಗಿ ನೋಡುತ್ತಿದ್ದ ಹಾಗೇ ಕರಗಿಹೋದವು.
ಅಂತೋಣಿ ಕೂಗುತ್ತಿದ್ದ, ಬಂಗಡೆ ಕೆಟ್ಟರೆ ನಿಮ್ಮಪ್ಪ ಕೊಡ್ತಾನಾ?

ರಾತ್ರಿ ಬಂಗಾರಪೇಟೆಯಿಂದ ಅವಳ ರೈಲು.
ಜೋಡಿಗೆ ನಲವತ್ತು ಅಂದೆ. ಐವತ್ತು ಕೊಟ್ಟಳು.
ಚಿಲ್ಲರೆ ಇರಲಿಲ್ಲ. ಇರಲಿ ಚಾಚಾ, ಮುಂದಿನ ಸಲಕ್ಕೆ, ಅಂದಳು.

ಡಬ್ಬಿಯಲ್ಲಿ ಹತ್ತರ ನೋಟೊಂದು ಬೇರೆ ಮಡಚಿ ಇಟ್ಟಿದ್ದೇನೆ.
ಯಾರು ಚಿಲ್ಲರೆ ಕೇಳಿದರೂ
ಇಲ್ಲ ಅನ್ನುತ್ತೇನೆ.