ಅರಿವಿ

ಆ ಗಿರಣಿಯಲ್ಲೀಗ ಹಾಸಿಗೆ ಮಾರುತ್ತಾರೆ.
ಬ್ಯಾಟ್ಲಿಯಲ್ಲಿ ಮಳೆ ಹಿಡಿದ ಶನಿವಾರ
ಜೋಡಿಗಳು ಬಂದು, ಬೂಟು ಬಿಚ್ಚದೆ
ಅಂಗಾತ ಮಲಗಿ ನೋಡುತ್ತಾರೆ, ಮೆತ್ತಗೋ, ಗಟ್ಟಿಯೋ.
ನಾನೂ ಮಲಗಿದೆ. ಮೇಲೆ ಕಬ್ಬಿಣದ ತೊಲೆ,
ಅದರ ಸಂದಿನಲ್ಲಿ ಇನ್ನೂ ಉಣ್ಣೆಯ ಧೂಳು,
ನಮ್ಮಪ್ಪನ ಕೆಮ್ಮಿನಷ್ಟು ಹಳೆಯದು.

ರಾಜೇಸಾಬ ನದಾಫ, ಬಾಗಲಕೋಟೆ ಕಡೆಯವ.
ಅಜ್ಜ ಮುತ್ತಜ್ಜಂದಿರು ಬಿಲ್ಲು ಮಿಡಿದು
ಓಣಿ ಓಣಿ ಹತ್ತಿ ಹಿಂಜಿದವರು.
ಯಾರ್ಕ್‌ಷೈರಿನಲ್ಲಿ ಅವನ ಪಾಲಿಗೆ ಬಂದದ್ದು
ಮೈತುಂಬ ಹಲ್ಲಿದ್ದ ಒಂದು ಉರುಳೆ.
ಅದಕ್ಕೆ ಎಲ್ಲರೂ ಕರೆಯುವ ಹೆಸರು ಡೆವಿಲ್.
ಹರಿದ ಕೋಟು, ಕಾಲುಚೀಲ, ಸತ್ತವರ ಸ್ವೆಟರು
ಬಾಯಿಗೆ ಹಾಕಿದರೆ
ಆ ಕಡೆಯಿಂದ ಉಣ್ಣೆ.
ಊರಿಗೆ ಬರೆದ ಮೊದಲ ಕಾಗದ:
"ಸೈತಾನನ ಕೈಯಾಗ ನೌಕರಿ. ಪಗಾರ ಛಲೋ."

ಪೆಟ್ಟಿಗೆಯಲ್ಲಿ ಒಂದು ಕರಿ ಕಂಬಳಿ,
ಅದರ ಮಡಿಕೆಯಲ್ಲಿ ಬಂದವ ಕಂಬಳಿ ಪೀರ.
ಆರುನೂರು ವರ್ಷದ ಹಿಂದಿನವನಂತೆ. ಗೋರಿ ಎಲ್ಲಿ?
"ಹೊಳೀ ದಂಡೀಗೆ, ಎಲ್ಯರ."

ಸುಲ್ತಾನ ಕಳಿಸಿದ ಜರಿ ಶಾಲನ್ನು
ಕತ್ತೆಯ ಬೆನ್ನುಹುಣ್ಣಿಗೆ ಹೊದಿಸಿದವ.
ನಿನ್ನ ಗುರು ಯಾರು ಎಂದರೆ
ಕುರಿಹಟ್ಟಿಯ ಮುದುಕಿಯನ್ನು ತೋರಿಸಿ
"ಕದಿರು ಹಿಡಿಯೂದು ಕಲಿಸಿದಳು,
ಅಲ್ಲಾನ ಹೆಸರು ತಾನs ಬಂತು" ಅಂದವ.
ನಮಾಜಿಗೆ ಹೊತ್ತಾಯಿತೆಂದು ಶಿಷ್ಯರು ಅವಸರಿಸಿದರೂ
ಕಡಿದ ಎಳೆ ಕೂಡಿಸಿಯೇ ಎದ್ದವ.

ಎರಡೂ ದಂಡೆಗೆ ದಂಡು ಇಳಿದ ವರ್ಷ,
ಕಾದಾಟ ಮುಗಿದು ಹದ್ದುಗಳೂ ಉಂಡು ಎದ್ದಮೇಲೆ,
ಪೀರ ಒಬ್ಬನೇ ಹೋದನಂತೆ.
ಅವರ ಕಂಬಳಿ, ಇವರ ಶಾಲು
ಆಯ್ದ, ಒಗೆದ, ಹಿಂಜಿದ, ನೂತ, ನೆಯ್ದ.
ಸರದಾರರಿಬ್ಬರೂ ಬಂದು ಕೇಳಿದರು,
ಇದರಲ್ಲಿ ನಮ್ಮವರೆಷ್ಟು?
"ರಾತ್ರಿ ಹೊತ್ತುಕೊಂಡು ಮಲಗ್ರಿ.
ಯಾವ ಎಳೀ ಬೆಚ್ಚಗ ಅನಸ್ತದ,
ಅದು ನಿಮ್ಮದಲ್ಲ."

ಇದನ್ನೆಲ್ಲ ಅಪ್ಪ ಹೇಳಿದ್ದು ನನಗಲ್ಲ,
ಐವಿ ಹಾಲ್ರಾಯ್ಡ್‌ಗೆ. ಚಿಂದಿ ಆರಿಸುವ ಹೆಂಗಸು,
ಗುಂಡಿ ಕತ್ತರಿಸಿ, ಕಿಸೆ ತಡವಿ,
ಬಣ್ಣ ಬೇರ್ಪಡಿಸಿ ಡೆವಿಲ್ಲಿಗೆ ಕಳಿಸುವವಳು.
ಚಹದ ಹೊತ್ತು, ಅರೆಬರೆ ಇಂಗ್ಲಿಷು,
ಎರಡು ದಂಡಿಗೆ ಎರಡು ಮುಷ್ಟಿ.
ಬುತ್ತಿ ಕೊಡಲು ಹೋದ ನಾನು
ಅವಳ ಬಿಸ್ಕತ್ತು ತಿನ್ನುತ್ತ ಮೂಟೆಯ ಮೇಲೆ ಕೂತಿದ್ದೆ.

ಐವಿ ನಕ್ಕಳು. "ನಾವೂ ಅದನ್ನೇ ಮಾಡಿದ್ದು, ಲವ್.
ಯುದ್ಧ ಮುಗಿದಮೇಲೆ ಖಾಕಿಯೂ ಬಂತು, ಜರ್ಮನರ ಬೂದಿಬಣ್ಣವೂ.
ಒಂದೇ ಲಾರಿ."
ಆಮೇಲೆ ಕಪ್ಪಿನ ತಳ ನೋಡಿದಳು.
ಖಾಕಿಯ ಕಿಸೆಗಳನ್ನು ಮಾತ್ರ
ಎರಡೆರಡು ಸಲ ತಡವುತ್ತಿದ್ದಳಂತೆ, ಆ ವರ್ಷವೆಲ್ಲ.
ತಮ್ಮನೋ, ಇನ್ಯಾರೋ. ಅಪ್ಪ ಕೇಳಲಿಲ್ಲ.
ಮರುದಿನದಿಂದ, ಅಪ್ಪ ಬಿಸ್ಮಿಲ್ಲಾ ಅನ್ನುವವರೆಗೆ
ಐವಿ ಮೂಟೆಯ ಗಂಟು ಬಿಚ್ಚುತ್ತಿರಲಿಲ್ಲ.

ಮಸೀದಿಯ ಮೌಲಾನಾ ಓದಿದವರು, ಒಳ್ಳೆಯವರು.
ಒಮ್ಮೆ ಕೇಳಿದರು, ಈ ಪೀರ ಯಾವ ಕಿತಾಬಿನಲ್ಲಿದ್ದಾನೆ?
"ಕಿತಾಬ ಇಲ್ರಿ, ಅರಿವಿ ಅದ" ಅಂದ ಅಪ್ಪ, ಕಂಬಳಿ ಮುಟ್ಟಿ.
ಅವರ ಉರ್ದುವಿಗೆ ಅದು ಬರೀ ಕಪಡಾ.
ನನಗೆ ಕನ್ನಡ ಕಲಿಸುವಾಗ, ಅಡುಗೆಮನೆಯ ಕಿಟಕಿಯ ಹಬೆಯ ಮೇಲೆ
ಬೆರಳಿನಿಂದ ಬರೆದು ತೋರಿಸಿದ:
ಗುಡಿಸು ಒರೆಸು, ಕೊಂಬು ಇಡು,
ಅರಿವಿ ಹೋಗಿ ಏನಾತು, ಓದು.
ಓದುವಷ್ಟರಲ್ಲಿ ಎರಡೂ ಇಳಿದುಹೋದವು, ನೀರಾಗಿ.

ಅಂಗಡಿಯ ಹುಡುಗ ಬಂದ. ಹೇಗನಿಸುತ್ತಿದೆ?
ಒಳಗೇನು ತುಂಬಿದ್ದೀರಿ ಎಂದೆ.
ಚೀಟಿ ಓದಿದ. "ಒಂದು ಪದರ ಮಾತ್ರ
ಹಳೇ ಬಟ್ಟೆ ಹಿಂಜಿದ್ದು." ಸ್ವಲ್ಪ ನಾಚಿಕೊಂಡು,
"ಮೇಲಕ್ಕೆ ಕಾಣೋದಿಲ್ಲ ಬಿಡಿ."

ಎದ್ದು ಕೂತೆ.
ಬೂಟು ಬಿಚ್ಚಿಟ್ಟೆ.
ಮತ್ತೆ ಮಲಗಿದೆ.