ಏಳನೇ ಕಾಲಂ

ಮುಧೋಳದ ದಾರಿ, ಸಕ್ಕರಿ ಫ್ಯಾಕ್ಟರಿ, ರಾತ್ರಿ ಒಂದೂವರಿ.
ಕಾಟಾದ ಮುಂದ ನಲವತ್ತು ಟ್ರ್ಯಾಕ್ಟರು,
ಕಬ್ಬಿನ ಕೆಳಗ ಮಲಗಿದ ಡ್ರೈವರು.
"ಹಾಕಿಬಿಡವಾ, ಐದು ನಿಮಿಷದ ಕೆಲಸ,"
ಅಂದ ಶಿಫ್ಟಿನ ನೇಮಣ್ಣ.
ತೂಕದ ಹೊಸ ಸಾಫ್ಟ್‌ವೇರು ಪೆನ್‌ಡ್ರೈವಿನಾಗ.
ನಾನು ಫಾರ್ಮು ತಗದೆ.

ಏನು ಬದಲು, ಯಾಕ ಬದಲು, ಕೆಟ್ಟರ ಯಾರಿಗೆ ತ್ರಾಸು, ಬರದಾತು.
ಹಳೇ ಮಷೀನಿನಾಗ ಎರಡು ದಿನ ಓಡಿಸಿದ್ದು, ಬರದಾತು.
ಸಾಹೇಬರ ಸಹಿ,
ಚಹಾದ ಕಲೆ ಸುದ್ದಾ.
ಏಳನೇ ಕಾಲಂ ಖಾಲಿ:
ತಿರುಗಿ ಬರೂ ದಾರಿ.

ನಮ್ಮಪ್ಪ ಬಾವಿ ಹೂಳೆತ್ತಾಂವ.
ಸಲಿಕಿ ಆಮ್ಯಾಲ; ಮೊದಲ
ದಂಡಿಮ್ಯಾಲಿನ ಗೂಟಕ್ಕ ಹಗ್ಗ ಬಿಗಿದು
ಮೂರು ಸಲ ಜಗ್ಗಿ ನೋಡಾಂವ.
ಬರದೆ: ಹಳೇ ಫೈಲು ಎಲ್ಲೈತಿ,
ಯಾರು ತಿರುಗಸಬೇಕು, ಎಷ್ಟೊತ್ತಿನೊಳಗ.

ಎರಡು ಹತ್ತಕ್ಕ ಹೊಸದು ಹಾಕಿದೆ.
ಮೊದಲನೇ ಟ್ರಾಲಿ ಖಾಲಿಯಾಗಿ ಬಂತು;
ಅದರ ಕಬ್ಬಿಣಾನೂ ಕಬ್ಬಂತ
ಬಿಲ್ಲಿನಾಗ ಕೂಡಿತು.
ಡ್ರೈವರು ನಕ್ಕ. ನೇಮಣ್ಣ ಬೆವತ.
ಏಳನೇ ಕಾಲಂ ಓದಿಕೋತ, ಒಂದೊಂದ ಸಾಲು,
ಹಿಂದಕ್ಕ ಬಂದ್ವಿ.

ಬೆಳಿಗ್ಗೆ ಸಾಹೇಬರು ಕೇಳಿದ್ರು, "ರಾತ್ರಿ ಏನಾತು?"
"ಏನೂ ಆಗಲಿಲ್ರೀ," ಅಂದ ನೇಮಣ್ಣ.
ಕೊನೇ ಕಾಲಂ ಇನ್ನೂ ಉಳಿದಿತ್ತು.
ನಾನು ಪೆನ್ನಿನ ಟೋಪಿ ತಗದೆ.