ಹಿಮ್ಮೊಗದ ಸೀಟು

ನಮ್ಮ ಕಂದು ಸ್ಟೇಷನ್ ವ್ಯಾಗನ್ನಿನ ಕೊನೆಯ ಸೀಟು
ಹಿಂದಕ್ಕೆ ಮುಖ ಮಾಡಿತ್ತು. ಅದು ನನ್ನದು.
ಹೋಗುವ ಊರು ಎಲ್ಲರಿಗೂ ಮೊದಲೇ ಕಾಣುತ್ತಿತ್ತು,
ನನಗೆ ಕಾಣುತ್ತಿದ್ದದ್ದು ಬಿಟ್ಟು ಬಂದ ಊರು,
ಅದೂ ಚಿಕ್ಕದಾಗುತ್ತಾ, ಚಿಕ್ಕದಾಗುತ್ತಾ
ಒಂದು ನೀರಿನ ಟ್ಯಾಂಕಿನಷ್ಟಾಗಿ,
ಆಮೇಲೆ ಅದೂ ಇಲ್ಲ.

ಆ ಜುಲೈನಲ್ಲಿ ಅಪ್ಪನಿಗೆ ಎಲ್ಲಿಲ್ಲದ ಹುರುಪು.
ಟೊಲೀಡೊದ ಗಾಜಿನ ಕಾರ್ಖಾನೆಯಲ್ಲಿ
ಹತ್ತೊಂಬತ್ತು ವರ್ಷ ಕುಲುಮೆ ಕಾದವನು
ಎರಡು ವಾರ ರಜೆ ಎಂದ.
ನಾಲ್ಕು ಊರು, ಐದು ಬೇಸ್‌ಬಾಲ್ ಮೈದಾನ.
ಅಡಿಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿ
ಉಪ್ಪಿನ ಡಬ್ಬಿ ಕ್ಲೀವ್‌ಲ್ಯಾಂಡು, ಮೆಣಸಿನ ಡಬ್ಬಿ ಮಿಲ್ವಾಕಿ.
ಲೊರೆಟ್ಟಾ, ನನ್ನಮ್ಮ, ಡಬ್ಬಿಗಳನ್ನೆತ್ತಿ ಕೆಳಗೆ ಒರೆಸಿ
ಮತ್ತೆ ಅಲ್ಲಲ್ಲೇ ಇಟ್ಟಳು. ಏನೂ ಕೇಳಲಿಲ್ಲ.

ಕ್ಲೀವ್‌ಲ್ಯಾಂಡಿನಲ್ಲಿ ಅಗ್ಗದ ಟಿಕೆಟ್ಟು, ಎದುರಿಗೊಂದು ಕಂಬ.
ಎಸೆಯುವವನ ಕೈ ಮೇಲೇಳುವುದು ಕಂಡಿತು,
ಚೆಂಡು ಕಂಬದೊಳಕ್ಕೆ ಹೊಕ್ಕಿತು,
ಆಚೆ ಕಡೆ ಬ್ಯಾಟಿನ ಸದ್ದಾಗಿ ಹೊರಬಂತು.
ಖಾಲಿ ಸೀಟುಗಳೇ ಎಪ್ಪತ್ತು ಸಾವಿರ ಎಂದ ತಮ್ಮ ರೂಡಿ.
ಸರೋವರದ ಗಾಳಿಗೆ ಸಾಸಿವೆ ಬಳಿದ ಕಾಗದ ಹಾರಿ
ಮುಂದಿನ ಸಾಲಿನ ಮುದುಕನ ಬೆನ್ನಿಗಂಟಿತು.
ಅವನಿಗೆ ಯಾರೂ ಹೇಳಲಿಲ್ಲ.

ಅಪ್ಪ ನನಗೆ ಸ್ಕೋರು ಬರೆಯಲು ಕಲಿಸಿದ.
ಬ್ಯಾಟು ಬೀಸಿ, ಗುರಿ ತಪ್ಪಿ ಔಟಾದವನಿಗೆ ನೆಟ್ಟಗಿನ ಕೆ.
ಬೀಸದೆ, ಚೆಂಡು ಹಾದುಹೋಗುವುದನ್ನು
ನೋಡುತ್ತಾ ನಿಂತೇ ಔಟಾದವನಿಗೂ ಕೆ,
ಆದರೆ ಬೆನ್ನು ತಿರುಗಿಸಿದ್ದು.
"ಎರಡೂ ಔಟೇ ಅಲ್ಲವಾ?"
"ಔಟೇ," ಎಂದ. ಪೆನ್ಸಿಲು ಚೂಪು ಮಾಡಿದ.
"ಆದರೂ ಬೇರೆ ಬೇರೆ ಬರೆದಿಡಬೇಕು."

ಡೆಟ್ರಾಯಿಟಿಗೆ ಹೋಗಲು ಮತ್ತೆ ಟೊಲೀಡೊ ದಾಟಬೇಕು.
ನಮ್ಮೂರಿನ ಪಕ್ಕದಲ್ಲೇ ಪರ ಊರಿನವರಂತೆ ಹಾದೆವು.
ಕಾರ್ಖಾನೆಯ ಚಿಮಣಿ
ಎಲ್ಲರಿಗಿಂತ ಹೆಚ್ಚು ಹೊತ್ತು ಕಂಡದ್ದು ನನಗೆ.
ಹೊಗೆಯಿರಲಿಲ್ಲ.
ಹೇಳೋಣವೆಂದುಕೊಂಡೆ. ರೂಡಿ ರೇಡಿಯೊ ಜೋರು ಮಾಡಿದ.
ಡೆಟ್ರಾಯಿಟಿನಲ್ಲಿ ಯಾರು ಗೆದ್ದರೋ ನೆನಪಿಲ್ಲ.

ಷಿಕಾಗೊದಲ್ಲಿ ಎರಡು ಮೈದಾನ.
ದಕ್ಷಿಣದ್ದರಲ್ಲಿ ರಾತ್ರಿ, ಪಟಾಕಿ, ರೂಡಿಯ ಹಲ್ಲು ಬಿದ್ದದ್ದು.
ಉತ್ತರದ್ದಕ್ಕೆ ಆಗ ದೀಪಗಳೇ ಇರಲಿಲ್ಲ, ಹಗಲಾಟ ಮಾತ್ರ,
ಗೋಡೆಯ ತುಂಬ ಬಳ್ಳಿ.
"ಮಂಗಳವಾರ ಮಟಮಟ ಮಧ್ಯಾಹ್ನ
ಇಷ್ಟೊಂದು ಗಂಡಸರಿಗೆ ಕೆಲಸವಿಲ್ಲವಾ,"
ಎಂದಳು ಅಮ್ಮ, ಯಾರ ಮುಖವನ್ನೂ ನೋಡದೆ.
ಅಪ್ಪ ಕಡಲೆಕಾಯಿ ಸುಲಿಯುತ್ತಲೇ ಇದ್ದ.
ತಿನ್ನಲಿಲ್ಲ, ಮಡಿಲಲ್ಲಿ ಗುಡ್ಡೆ ಹಾಕಿದ.

ಮಿಲ್ವಾಕಿಯಲ್ಲಿ ಆರನೇ ಇನ್ನಿಂಗ್ಸಿಗೆ ಮಳೆ.
ಹುಡುಗರು ಟಾರ್ಪಾಲು ಎಳೆದುಕೊಂಡು ಓಡಿ
ಮಣ್ಣಿಗೆ ಹೊದಿಸಿದರು, ಜ್ವರ ಬಂದ ಮಗುವಿಗೆ ಹೊದಿಸಿದ ಹಾಗೆ.
ಸ್ಕೋರು ಪುಸ್ತಕ ನೆನೆಯದಿರಲೆಂದು
ಅಮ್ಮ ನನ್ನ ಕೈಯಿಂದ ಕಸಿದು ಹೊಟ್ಟೆಗವಚಿಕೊಂಡಳು.
ಸೂರಿನಡಿ ನಿಂತು ತೆಗೆದಾಗ ಕೊನೆಯ ಹಾಳೆ ಬಿಚ್ಚಿತು,
ಅಪ್ಪನ ಅಕ್ಷರ:
ಪೆಟ್ರೋಲು, ಮೋಟೆಲ್ಲು, ನಾಲ್ಕು ಟಿಕೆಟ್ಟು, ಮತ್ತೆ ಪೆಟ್ರೋಲು,
ಕಳೆದು ಕಳೆದು ಉಳಿದದ್ದು
ಮೂವತ್ತೊಂದು ಡಾಲರು ಅರವತ್ತು ಸೆಂಟು.
ಕೂಡು ಕಳೆ ತಪ್ಪಿದೆಯೇನೋ ಎಂಬಂತೆ
ಅಮ್ಮ ಬಹಳ ಹೊತ್ತು ನೋಡಿದಳು.
"ಕುಲುಮೆ ಆರಿಸಿದ್ದು ಯಾವಾಗ, ಕ್ಯಾಸಿಮಿರ್?"
"ಮೇ ತಿಂಗಳು."
"ನನಗೆ ಜೂನಿನಲ್ಲೇ ಗೊತ್ತಾಯಿತು."
"ಮತ್ತೆ ಯಾಕೆ ಒಂದು ಮಾತೂ..."
"ಐದೂ ನೋಡಿಬಿಡೋಣ ಅಂತ."

ವಾಪಸು ಬರುವಾಗ ಸ್ಟಿಯರಿಂಗು ಅಮ್ಮನ ಕೈಯಲ್ಲಿ.
ಅಪ್ಪ ಹಿಂದೆ ಬಂದು ನನ್ನ ಪಕ್ಕ ತುರುಕಿಕೊಂಡ,
ಮಂಡಿ ಗದ್ದಕ್ಕೆ ತಾಗುತ್ತಿತ್ತು.
ಇಂಡಿಯಾನಾದ ಜೋಳದ ಹೊಲಗಳು
ನಮ್ಮಿಬ್ಬರಿಂದ ದೂರ ದೂರ ಓಡಿದವು.
"ಇಲ್ಲಿ ಕೂತರೆ ನಿನಗೆ ತಲೆ ಸುತ್ತುವುದಿಲ್ಲವಾ?"
"ಮೊದಮೊದಲು. ಯಾವುದಾದರೂ ಒಂದನ್ನೇ ನೋಡುತ್ತಿರಬೇಕು."
ಅವನು ಹುಡುಕಿದ. ಹಿಂದೆ ಬರುತ್ತಿದ್ದ
ಹಾಲಿನ ಲಾರಿಯ ಒಂಟಿ ದೀಪ ಸಿಕ್ಕಿತು.
ಅದನ್ನೇ ನೋಡುತ್ತಾ ಕೂತ.
ಸೌತ್ ಬೆಂಡಿನ ಹತ್ತಿರ ಲಾರಿ ತಿರುಗಿಕೊಂಡಿತು.
ಅಪ್ಪ ಕಿಟಕಿ ಒರೆಸಿ
ಇನ್ನೊಂದನ್ನು ಹುಡುಕತೊಡಗಿದ.